ಮೂರನೇ ಏಕಾದಶಿ

ಹೂಂ ಕಣ್ರೀ ಅಕ್ಕ, ಮಗ ಆಡಿಟರ್ ಆಫೀಸು ಬಿಟ್ಟಿದ್ದು ನಿಜ. ಈಗ ಮುಂದಿನ ರೂಮಲ್ಲೇ ಮೇಜು ಹಾಕ್ಕೊಂಡು ಟ್ಯಾಲಿ ಕುಟ್ತಾ ಕೂತಿರ್ತಾನೆ. ಬೋರ್ಡಿಲ್ಲ ಏನಿಲ್ಲ, ಜನ ಆಗಲೇ ‘ಆಡಿಟ್ರು’ ಅಂತಾರೆ. ಆಡಿಟ್ಟಿಗೆ ಸಹಿ ಹಾಕೋಕೆ ಸಿಎ ಆಗಿರ್ಬೇಕು, ನಾನು ಬರೀ ಲೆಕ್ಕ ಬರೆಯೋನು ಅಂತ ಬಂದೋರಿಗೆಲ್ಲ ಹೇಳ್ತಾನೆ. ಯಾರು ಕೇಳಿಸ್ಕೋತಾರೆ?

ಗಿರಾಕಿ ಹುಡುಕೋ ಕಷ್ಟ ಬರ್ಲಿಲ್ಲ. 2025ರ ಜುಲೈಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನೋರಿಗೆ ನೋಟಿಸ್ ಬಂದು, ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ರಲ್ಲ, ಆ ಭಯಕ್ಕೇ ಎಷ್ಟೋ ಜನ ಬಂದ್ರು. ಸಾಮಾನು ಮಾರೋರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಮಾಡಿಸ್ಬೇಕಂತೆ, ಸೇವೆ ಕೊಡೋರಿಗೆ 20 ಲಕ್ಷ. ಬಿಡಿ ಹಾಲಿಗೆ, ತರಕಾರಿಗೆ ತೆರಿಗೆ ಇಲ್ಲ, ಸರಿ. ಆದ್ರೆ ಫೋನಿಗೆ ಬಿದ್ದ ದುಡ್ಡು ಹಾಲಿಂದೋ ಸಿಗರೇಟಿಂದೋ ಅಂತ ತೋರಿಸೋಕೆ ಪುಸ್ತಕ ಇರ್ಬೇಕಲ್ಲ!

ನಮ್ಮನೇಲಿ ಈಗ ತಿಂಗಳಿಗೆ ಮೂರು ಏಕಾದಶಿ. ಪಂಚಾಂಗದ್ದು ಎರಡು, ಜಿಎಸ್‌ಟಿದೊಂದು. ಹನ್ನೊಂದನೇ ತಾರೀಖಿನೊಳಗೆ ಮಾರಾಟದ ಬಿಲ್ಲೆಲ್ಲ ಏರಿಸ್ಬೇಕು, ಇಪ್ಪತ್ತಕ್ಕೆ ತೆರಿಗೆ ಕಟ್ಟಿ ಇನ್ನೊಂದು ರಿಟರ್ನ್. ಆ ಹನ್ನೊಂದರ ದಿನ ಅವನಿಗೆ ನಿಜವಾಗ್ಲೂ ಉಪವಾಸವೇ. ಹತ್ತನೇ ತಾರೀಖು ಸಂಜೆ ಪ್ಲಾಸ್ಟಿಕ್ ಕವರಲ್ಲಿ ಬಿಲ್ಲು ತುಂಬ್ಕೊಂಡು ಬರ್ತಾರೆ ನೋಡಿ, ಅರ್ಧದಲ್ಲಿ ಅಕ್ಷರವೇ ಹಾರಿಹೋಗಿರತ್ತೆ. ರಾತ್ರಿ ‘ಸಾರ್, ಓಟಿಪಿ ಬಂತಾ?’ ಅಂತ ಫೋನ್ ಮಾಡಿದ್ರೆ ಆ ಪುಣ್ಯಾತ್ಮ ಯಾವ್ದೋ ಆರತಕ್ಷತೆ ಊಟದ ಸಾಲಲ್ಲಿ!

ನಮ್ಮ ಮಾವನೋರೂ ಮಂಡಿಲಿ ಗುಮಾಸ್ತರಾಗಿದ್ರು, ಗೊತ್ತಲ್ಲ? ಗದ್ದಿಗೆ ಪಕ್ಕದಲ್ಲೇ ಕೂತು ಕಿರ್ದಿ ಬರೆಯೋರು. ಶಿಲ್ಕು ತಾಳೆ ಆಗ್ದೆ ಮನೆಗೆ ಹೊರಡ್ತಿರ್ಲಿಲ್ಲ. ಉದ್ರಿ ತಗೊಂಡೋರ ಮುಖ ನೋಡಿದೋರು ಅವರು. ಇವನು ಮುಖ ನೋಡೋದೆಲ್ಲಿ, ಕವರಲ್ಲಿ ಬಂದಷ್ಟೇ ವ್ಯಾಪಾರ. ನನ್ನ ಕೇಳಿದ್ರೆ, ವಾರಕ್ಕೊಂದ್ಸಲ ಅಂಗಡಿಗೇ ಹೋಗಿ ಕೂತ್ಕೋಬೇಕು.

ಫೀಸಾ? ಅದೊಂದೇ ಕೇಳ್ಬೇಡಿ. ರಿಟರ್ನ್ ತಡವಾದ್ರೆ ಸರ್ಕಾರ ದಿನಕ್ಕೆ 50 ರೂಪಾಯಿ ಅನ್ನತ್ತೆ, ವ್ಯಾಪಾರವೇ ಇಲ್ದಿದ್ರೂ 20. ಬಾಯ್ಮುಚ್ಕೊಂಡು ಕಟ್ತಾರೆ. ಇವನಿಗೆ ಮಾತ್ರ ‘ಮುಂದಿನ ತಿಂಗ್ಳು ಒಟ್ಟಿಗೆ ಕೊಡ್ತೀನಿ ಬಿಡಪ್ಪ’. ಬೇಕರಿಯೋರಂತೂ ದಿಲ್‌ಪಸಂದ್ ಕಳಿಸಿ ಸುಮ್ನಾಗ್ತಾರೆ. ಊರಿನ ಬಾಕಿಯೆಲ್ಲ ಪೈಸೆ ಪೈಸೆ ಬರೆಯೋ ಹುಡುಗ, ತನ್ನದು ಕೇಳೋಕೆ ನಾಚ್ಕೋತಾನೆ. ನಾನಾಗಿದ್ರೆ ಮುಂಗಡ ಇಸ್ಕೊಳ್ದೆ ಕವರೇ ಬಿಚ್ತಿರ್ಲಿಲ್ಲ.

ಏನಂದ್ರಿ? ಯಜಮಾನ್ರ ಇನ್‌ಕಮ್ ಟ್ಯಾಕ್ಸ್ ಕಾಗದ ಸ್ವಲ್ಪ ನೋಡ್ಬೇಕಿತ್ತಾ, ಸುಮ್ನೆ ಹಾಗೇ? ಅಯ್ಯೋ, ಧಾರಾಳವಾಗಿ ಕಳಿಸಿ ಅಕ್ಕ, ನೋಡ್ತಾನೆ. ಆದ್ರೆ ದಿಲ್‌ಪಸಂದ್ ಬೇಡ, ಈಗಾಗ್ಲೇ ಎರಡಿದೆ.