ದೊಡ್ಡಪ್ಪನ ಮಾತ್ರೆಗೊಂದು ಬಳಕೆಯ ಕೈಪಿಡಿ

ದೊಡ್ಡಪ್ಪ, ಮಿಕ್ಸಿ ತಂದ ದಿನ ಅದರ ಪುಸ್ತಕ ಓದದೆ ಸ್ವಿಚ್ ಒತ್ತಿ ಚಟ್ನಿಯನ್ನು ಗೋಡೆಗೆ ಬಳಿದವರು ನೀವು. ಈಗ ಎದೆಯೊಳಗೆ ಸ್ಟೆಂಟ್ ಕೂತಿದೆ. ಇದನ್ನಾದರೂ ಓದಿ.

ಪೊಟ್ಟಣದಲ್ಲಿರುವುದು: ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೋಪಿಡೊಗ್ರೆಲ್ 75 ಮಿಲಿಗ್ರಾಂ. ಅಂಕಿ ಒಂದೇ ಇದೆಯೆಂದು ಒಂದನ್ನು ಉಳಿತಾಯ ಮಾಡಬೇಡಿ.

ಕೆಲಸ ಮಾಡುವ ಬಗೆ: 'ರಕ್ತ ತೆಳ್ಳಗೆ ಮಾಡೋ ಮಾತ್ರೆ' ಎಂದು ಕಟ್ಟೆಯ ಮೇಲೆ ಕೂತು ಹೇಳುತ್ತೀರಲ್ಲ, ಸಾರಿಗೆ ನೀರು ಹುಯ್ದಂತೆ ಏನೂ ಆಗುವುದಿಲ್ಲ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಚೂರುಗಳಿವೆ. ಗಾಯ ಕಂಡರೆ ಅಂಟಿಕೊಂಡು, ಥ್ರಾಂಬಾಕ್ಸೇನ್ ಎಂಬ ಕೂಗು ಹಾಕಿ ಊರವರನ್ನೆಲ್ಲ ಸೇರಿಸುತ್ತವೆ. ಈಳಿಗೆ ಬೆರಳು ಕೊಯ್ದಾಗ ಇದು ಉಪಕಾರವೇ. ಆದರೆ ಅವಕ್ಕೆ ಸ್ಟೆಂಟಿನ ಲೋಹವೂ ಗಾಯದಂತೆಯೇ ಕಾಣುತ್ತದೆ. ಆಸ್ಪಿರಿನ್ ಆ ಕೂಗನ್ನು ಅಡಗಿಸುತ್ತದೆ. ಕ್ಲೋಪಿಡೊಗ್ರೆಲ್ ಇನ್ನೊಂದು ಕರೆ ಕಿವಿಗೆ ಬೀಳದಂತೆ ಮಾಡುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ, ಕೆಟ್ಟಿದ್ದನ್ನು ಸರಿಮಾಡಿಕೊಳ್ಳಲಾರದು. ಬದುಕುವ 7ರಿಂದ 10 ದಿನವೂ ಮೂಕ. ಆದರೆ ಮೂಳೆಯ ಮಜ್ಜೆಯಿಂದ ದಿನವೂ ಹೊಸ ಬಾಯಿಬಡುಕರು ಬರುತ್ತಲೇ ಇರುತ್ತಾರೆ. ಅದಕ್ಕೇ ದಿನಕ್ಕೊಂದು.

ತಯಾರಿಕೆಯ ಇತಿಹಾಸ: ಕ್ಯಾಲಿಫೋರ್ನಿಯಾದ ಲಾರೆನ್ಸ್ ಕ್ರೇವನ್ ಎಂಬ ಡಾಕ್ಟರು, ಟಾನ್ಸಿಲ್ ತೆಗೆಸಿಕೊಂಡವರು ಆಸ್ಪಿರಿನ್ ಗಮ್ ಜಗಿದರೆ ರಕ್ತ ನಿಲ್ಲದೆ ಸುರಿಯುವುದನ್ನು ಕಂಡರು. ಅಲ್ಲಿ ಕೇಡು ಮಾಡಿದ್ದು ಹೃದಯದಲ್ಲಿ ಒಳಿತು ಮಾಡೀತೆಂದು ಊಹಿಸಿ 1950ರ ಆಸುಪಾಸಿನಲ್ಲೇ ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ. ಆಸ್ಪಿರಿನ್ ಹೀಗೆ ಮಾಡುವ ಕಾರಣ ಹೊಳೆದಿದ್ದು 1971ರಲ್ಲಿ, ವಿಜ್ಞಾನಿ ಜಾನ್ ವೇನ್ ಅವರಿಗೆ. 1982ರಲ್ಲಿ ನೊಬೆಲ್ ಬಂತು.

ಎಚ್ಚರಿಕೆ: ಮಂಡಿನೋವಿಗೆ ಐಬುಪ್ರೊಫೆನ್ ನುಂಗಿದರೆ ಅದು ಆಸ್ಪಿರಿನ್ ಕೂರುವ ಜಾಗವನ್ನೇ ಹಿಡಿದುಬಿಡಬಹುದು. ಗ್ಯಾಸ್ಟ್ರಿಕ್‌ಗೆ ನೀವಾಗಿಯೇ ಒಮೆಪ್ರಜೋಲ್ ತಂದುಕೊಳ್ಳಬೇಡಿ; ಕ್ಲೋಪಿಡೊಗ್ರೆಲ್ ಲಿವರಿನಲ್ಲಿ ಹದವಾಗಬೇಕು, ಒಮೆಪ್ರಜೋಲ್ ಅದಕ್ಕೆ ಅಡ್ಡಬರುತ್ತದೆ. ಮಲ ಟಾರಿನಂತೆ ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಹಲ್ಲು ಕೀಳಿಸುವ ಮೊದಲು ಮಾತ್ರೆ ನಿಲ್ಲಿಸಬೇಕೇ ಎಂದು ಹೃದಯದ ಡಾಕ್ಟರನ್ನೇ ಕೇಳಿ, ಕಟಿಂಗ್ ಶಾಪಿನಲ್ಲಿ ಅಲ್ಲ. ಪಕ್ಕದ ಮನೆಯವರಿಗೆ 'ಒಳ್ಳೇದು, ತಗೊಳ್ಳಿ' ಎಂದು ಹಂಚಲೂ ಬೇಡಿ. ಕಾಯಿಲೆ ಇಲ್ಲದವರಿಗೆ ಲಾಭಕ್ಕಿಂತ ರಕ್ತಸ್ರಾವದ ಭಯವೇ ಹೆಚ್ಚಾಗಬಹುದು.

ದೋಷ ಪತ್ತೆ: 'ನುಂಗಿದರೂ ಏನೂ ಆಗ್ತಿಲ್ಲ'. ಯಂತ್ರ ಸರಿಯಾಗಿದೆ. ಏನೂ ಆಗದಿರಲೆಂದೇ ಕೊಂಡದ್ದು. ಆರು ತಿಂಗಳಿಗೆ 'ಈಗ ಗಟ್ಟಿಯಾಗಿದ್ದೀನಿ' ಎಂದು ನೀವೇ ನಿಲ್ಲಿಸಿದರೆ ಸ್ಟೆಂಟಿನೊಳಗೆ ಹೆಪ್ಪುಗಟ್ಟೀತು; ಅದಕ್ಕೆ ವಾರಂಟಿ ಇಲ್ಲ.

ಗ್ರಾಹಕ ಸೇವೆ: ದೊಡ್ಡಮ್ಮ. ಉಪ್ಪಿಟ್ಟಿನ ತಟ್ಟೆಯ ಪಕ್ಕ ಲೋಟದ ನೀರಿನೊಂದಿಗೆ ಇಡುತ್ತಾರೆ. ದೂರು ಸ್ವೀಕರಿಸುವುದಿಲ್ಲ.