ಹ್ಯಾಂಡಲ್ ಮೇಲೆ ಬುತ್ತಿ, ಸೀಟಿನಡಿ ಕುಲುಮೆ

ಭಾನುವಾರ ಬೆಳಗ್ಗೆ ನಮ್ಮ ಊರ್ಡಿಗೆರೆಯಲ್ಲಿ ಯಾರೂ ಪೇಪರ್ ಓದಬೇಕಾಗಿಲ್ಲ. ಟೀ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತರೆ ಸಾಕು, ಸುದ್ದಿ ತಾನಾಗಿ ಚಕ್ರದ ಮೇಲೆ ಬರುತ್ತದೆ. ಡಾಬಸ್‌ಪೇಟೆ ಕಡೆಯಿಂದ ಬೆಂಗಳೂರಿನ ಸೈಕಲ್ಲುಗಳು ಸಾಲು ಹಿಡಿದು ದೇವರಾಯನದುರ್ಗ ಹತ್ತಲು ಹೊರಟಿರುತ್ತವೆ. ಇವರಲ್ಲಿ ಎರಡು ಪಂಗಡ. ಮೊದಲನೆಯವರು ನಮ್ಮ ನಿಮ್ಮಂಥವರು. ನಿಲ್ಲುತ್ತಾರೆ, ಟೀ ಕುಡಿಯುತ್ತಾರೆ, ಬನ್ನು ತಿನ್ನುತ್ತಾರೆ, 'ದುರ್ಗ ಇನ್ನೆಷ್ಟು ದೂರ ಅಣ್ಣಾ?' ಅಂತ ಕೇಳುತ್ತಾರೆ. ಎರಡನೆಯವರದ್ದೇ ಬೇರೆ. ಹ್ಯಾಂಡಲ್ ಮೇಲೆ ಮೊಣಕೈ ಊರಿ, ಬೆನ್ನು ಬಗ್ಗಿಸಿ, ರಸ್ತೆಗೆ ದೀರ್ಘದಂಡ ಹಾಕುತ್ತಲೇ ಬರುತ್ತಾರೆ. ಎರಡು ತೋಳಿನ ಮಧ್ಯೆ ಒಂದು ಬಾಟಲಿ, ಅದರಿಂದ ಬಾಯಿಗೆ ನೇರವಾಗಿ ಎದ್ದ ಒಂದು ಕೊಳವೆ. ಕೆಳಗಿನ ಕಂಬಿಗೆ ಇನ್ನೊಂದು ಬಾಟಲಿ. ಸೀಟಿನ ಹಿಂದೆ ಒಂದು ಜೋಡಿ. ಮೇಲಿನ ಕಂಬಿಯ ಮೇಲೆ ಪುಟ್ಟದೊಂದು ಡಬ್ಬಿ, ಸೀಟಿನ ಅಡಿ ಒಂದು ಚೀಲ. ಇವರು ನಿಲ್ಲುವುದೂ ಇಲ್ಲ, ನಗುವುದೂ ಇಲ್ಲ.

"ಮನೆ ಖಾಲಿ ಮಾಡ್ಕೊಂಡು ಹೊಂಟವ್ರೆ ಅನ್ಸುತ್ತೆ, ಪಾಪ," ಎಂದು ಬೆಂಚು ತೀರ್ಪು ಕೊಡುತ್ತದೆ.

ಬೆಂಚಿಗಿಂತ ನನಗೆ ಒಂದು ಕೈ ಹೆಚ್ಚು ಗೊತ್ತು. ಯಾಕೆಂದರೆ ನಮ್ಮಕ್ಕನ ಮಗ ಈ ಎರಡನೇ ಪಂಗಡಕ್ಕೆ ಸೇರಿದವನು. ಟ್ರಯಥ್ಲಾನ್ ಅಂದರೆ ಮೊದಲು ಈಜು, ಆಮೇಲೆ ಸೈಕಲ್ಲು, ಕೊನೆಗೆ ಓಟ. ಪೂರ್ತಿ ಐರನ್‌ಮ್ಯಾನ್ ಆದರೆ 3.8 ಕಿ.ಮೀ. ಈಜಬೇಕು, 180 ಕಿ.ಮೀ. ತುಳಿಯಬೇಕು, ಅದಾದ ಮೇಲೂ ಜೀವವಿದ್ದರೆ 42.2 ಕಿ.ಮೀ. ಓಡಬೇಕು. ಎಲ್ಲ ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಯಬೇಕು. ಇದರ ಅರ್ಧದಷ್ಟು ದೂರದ್ದು 2019ರಿಂದ ಗೋವಾದಲ್ಲಿ ನಡೆಯುತ್ತಿದೆ. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರಲ್ಲಿ ಅದನ್ನು ಮುಗಿಸಿದ ಫೋಟೋ ನೀವೂ ನೋಡಿರುತ್ತೀರಿ. ರೈಲ್ವೆ ಅಧಿಕಾರಿ ಶ್ರೇಯಸ್ ಹೊಸೂರ್ 2022ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಪೂರ್ತಿ ದೂರವನ್ನೇ ಮುಗಿಸಿ ಬಂದರು. ನಮ್ಮಳಿಯನೂ ಗೋವಾ ಮುಗಿಸಿದ್ದಾನೆ. ಈಗ ಅವನ ಕಣ್ಣು ಪೂರ್ತಿಯದರ ಮೇಲೆ.

ಈಜುವಾಗ ಏನನ್ನೂ ತಿನ್ನಲಾಗುವುದಿಲ್ಲ. ಓಡುವಾಗ ಹೊಟ್ಟೆ ಕುಲುಕುತ್ತದೆ, ತಿಂದದ್ದು ನಿಲ್ಲುವುದು ಕಷ್ಟ. ಹಾಗಾಗಿ ದಿನದ ಊಟ ಬಹುಪಾಲು ನಡೆಯುವುದು ಸೈಕಲ್ಲಿನ ಮೇಲೆಯೇ. ದಾರಿಯಲ್ಲಿ ಅಲ್ಲಲ್ಲಿ ನೀರು, ಬಾಳೆಹಣ್ಣು ಕೊಡುವ ಟೇಬಲ್ಲುಗಳನ್ನು ಆಟದವರೇ ಇಟ್ಟಿರುತ್ತಾರೆ. ಅದು ಬಿಟ್ಟು ಹೊರಗಿನವರ ಸಹಾಯ ಕೂಡದು. ಮಾವನಾದವನು ಪ್ರೀತಿ ಉಕ್ಕಿ ರಸ್ತೆ ಪಕ್ಕ ನಿಂತು ಎಳನೀರು ಕೊಚ್ಚಿ ಕೊಟ್ಟರೆ ಅಳಿಯನನ್ನು ಆಟದಿಂದಲೇ ಹೊರಗೆ ಹಾಕಬಹುದು. ಕುಡಿದ ಬಾಟಲಿಯನ್ನು ಕಂಡಕಂಡಲ್ಲಿ ಎಸೆದರೂ ದಂಡ. ಟಯರ್ ಪಂಕ್ಚರ್ ಆದರೆ ನೀನೇ ಬಿಚ್ಚು, ನೀನೇ ಹಾಕು.

ಮೊದಲು ಹೀಗಿರಲಿಲ್ಲ. 1978ರ ಫೆಬ್ರವರಿ 18ರಂದು ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಅವರವರ ನೀರು, ಆಹಾರಕ್ಕೆ ಅವರವರ ಕಡೆಯವರೇ ಜೊತೆಯಲ್ಲಿ ಬರುತ್ತಿದ್ದರು. ಜಾನ್ ಡನ್‌ಬಾರ್ ಎಂಬಾತ ಓಟದಲ್ಲಿದ್ದಾಗ ಅವನ ಕಡೆಯವರ ಹತ್ತಿರ ನೀರು ಮುಗಿದುಹೋಯಿತು. ಅವರು ಕೈಗೆ ಸಿಕ್ಕ ಬಿಯರ್ ಕೊಟ್ಟರು. ಅವನು ಕುಡಿದ, ಎರಡನೆಯವನಾಗಿ ಬಂದ. ಗಾರ್ಡನ್ ಹ್ಯಾಲರ್ 11 ಗಂಟೆ 46 ನಿಮಿಷದಲ್ಲಿ ಗೆದ್ದ. ಈ ಕಥೆ ಹೇಳಿದ ದಿನ ಬೆಂಚಿಗೆ ಈ ಆಟದ ಮೇಲೆ ಮೊದಲ ಸಲ ಗೌರವ ಹುಟ್ಟಿತು. "ಎರಡನೇ ಬಹುಮಾನ ಬಂದವನದೇ ಸರಿಯಾದ ಪದ್ಧತಿ," ಅಂದರು ಒಬ್ಬರು.

ನಮ್ಮಳಿಯನ ಸೈಕಲ್ ಕಾರ್ಬನ್ನಿನದು. ಅದರ ದುಡ್ಡಿಗೆ ನಮ್ಮ ಕಡೆ ಒಳ್ಳೆಯ ಜೋಡಿ ಎತ್ತು ಬರುತ್ತದೆ, ಗಾಡಿಗೂ ಮಿಗುತ್ತದೆ. ಒಂದು ಬೆರಳಲ್ಲಿ ಎತ್ತಬಹುದು ಅಂತ ಎತ್ತಿ ತೋರಿಸಿದ. ಬಾಟಲಿ ಸಿಕ್ಕಿಸುವ ಬುಟ್ಟಿಯ ಸ್ಕ್ರೂ ಕೂಡ ಟೈಟಾನಿಯಂನದಂತೆ, ಹತ್ತು ಗ್ರಾಂ ಉಳಿಯುತ್ತದಂತೆ. ಇಷ್ಟೆಲ್ಲ ಹೇಳಿ, ನಮ್ಮ ಮನೆ ನಲ್ಲಿಯಲ್ಲಿ ಮೂರು ಲೀಟರ್ ನೀರು ತುಂಬಿ ಅದಕ್ಕೇ ನೇತುಹಾಕಿದ.

"ಅಲ್ಲ ಕಣೋ, ಉಳಿಸಿದ್ದು ಹತ್ತು ಗ್ರಾಂ, ಹೇರಿದ್ದು ಮೂರು ಕೆಜಿ. ಇದ್ಯಾವ ಲೆಕ್ಕ?"

"ಮಾವ, ಬಯಲಲ್ಲಿ ತೂಕ ಲೆಕ್ಕಕ್ಕಿಲ್ಲ. ಶತ್ರು ಅಂದ್ರೆ ಗಾಳಿ."

ಇದು ಮಾತ್ರ ನಿಜ. ಗಂಟೆಗೆ ಮೂವತ್ತೈದು ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಹೋಗುವಾಗ ಕಾಲಿನ ಶಕ್ತಿ ಬಹುಪಾಲು ಖರ್ಚಾಗುವುದು ಎದುರಿನ ಗಾಳಿ ತಳ್ಳುವುದಕ್ಕೆ. ಅದಕ್ಕೇ ಬಾಟಲಿಯನ್ನು ಗಾಳಿಯ ಕಣ್ಣಿಗೆ ಬೀಳದ ಜಾಗದಲ್ಲಿ ಬಚ್ಚಿಡುವುದು, ತೋಳುಗಳ ನಡುವೆ, ಸೊಂಟದ ಹಿಂದೆ. ಆದರೆ ದುರ್ಗದ ಏರಿನಲ್ಲಿ ವೇಗ ಹತ್ತಕ್ಕೆ ಇಳಿಯುತ್ತದೆ. ಅಲ್ಲಿ ಗಾಳಿ ಸ್ನೇಹಿತ, ತೂಕವೇ ಶತ್ರು. ಮೇಲೆ ಹೋದರೆ ಅಂಗಡಿಗಳಲ್ಲಿ ನೀರು ಸಿಗುತ್ತದೆ ಎಂದರೂ ಕೇಳದೆ ಮೂರು ಕೆಜಿಯನ್ನೂ ಬೆಟ್ಟಕ್ಕೆ ಹೊತ್ತ. ಹರಕೆ ಇರಬೇಕು ಅಂತ ಎದುರು ಬಂದವರು ಕೈ ಮುಗಿದಿರಲಿಕ್ಕೂ ಸಾಕು.

ನೀರು ಹೊರದೆ ಕಾಡಿಗೆ ಬಂದವರ ಕಥೆಯೂ ನಮ್ಮಲ್ಲೇ ಇದೆ. ವನವಾಸದಲ್ಲಿ ಶ್ರೀರಾಮನಿಗೆ ನಾಮ ತೇಯಲು ನೀರು ಸಿಗಲಿಲ್ಲವಂತೆ. ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ಅದೇ ದುರ್ಗದ ಬುಡದ ನಾಮದ ಚಿಲುಮೆ, ಇವತ್ತಿಗೂ ಬಂಡೆಯಿಂದ ನೀರು ಬರುತ್ತದೆ. ಅಳಿಯನಿಗೆ ಬಾಣವಿದ್ಯೆ ಬಾರದು, ಬಾಟಲಿ ಹೊರಲಿ ಬಿಡಿ.

ಈಗ ರಸ್ತೆ ಹಂಪಿನ ವಿಷಯಕ್ಕೆ ಬರೋಣ. ಸೀಟಿನ ಹಿಂದಿನ ಬಾಟಲಿಗಳು ಓರೆಯಾಗಿ, ಹಾರಲು ಸಿದ್ಧವಾದಂತೆ ಕೂತಿರುತ್ತವೆ. ನಮ್ಮ ಕಡೆಯ ಹಂಪುಗಳಿಗೆ ಬಣ್ಣವಿಲ್ಲ, ಬೋರ್ಡಿಲ್ಲ, ದಯೆಯಂತೂ ಇಲ್ಲವೇ ಇಲ್ಲ. ಮುಂದಿನ ಚಕ್ರ ಹತ್ತಿ ಇಳಿಯಿತು, ಹಿಂದಿನದು ಹತ್ತಿತು, ಬಾಟಲಿ ಆಕಾಶಕ್ಕೆ. ಸವಾರನಿಗೆ ಗೊತ್ತಾಗುವುದು ಎಷ್ಟೋ ದೂರ ಹೋದ ಮೇಲೆ, ಹಿಂದಕ್ಕೆ ಚಾಚಿದ ಕೈಗೆ ಬರೀ ಗಾಳಿ ಸಿಕ್ಕಾಗ. ನಮ್ಮೂರ ಕ್ರಿಕೆಟ್ ಹುಡುಗರ ಹತ್ತಿರ ಇರುವ ನೀರಿನ ಬಾಟಲಿಗಳ ಮೇಲಿನ ಹೆಸರುಗಳನ್ನು ಓದಿದರೆ ಬೆಂಗಳೂರಿನ ಅರ್ಧ ಸೈಕಲ್ ಕ್ಲಬ್ಬುಗಳು ಬರುತ್ತವೆ.

ಬೆಂಚಿನ ಹಿರಿಯರೊಬ್ಬರು ವಯಸ್ಸಿನಲ್ಲಿ ಸೈಕಲ್ ಮೇಲೆ ಹಾಲು ಹಾಕುತ್ತಿದ್ದವರು. ಅವರು ಅಳಿಯನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದಿನ ಬಾಟಲಿ ಮುಟ್ಟಿ ಅಲ್ಲಾಡಿಸಿದರು. "ಭಾರ ಮ್ಯಾಲಿಟ್ರೆ ಒದೀತದೆ ಕಣಪ್ಪ. ನಮ್ಮ ಕ್ಯಾನು ಚಕ್ರದ ಅಚ್ಚಿನ ಮಟ್ಟಕ್ಕೆ, ಆಕಡೆ ಒಂದು ಈಕಡೆ ಒಂದು ತೂಗ್ತಿದ್ವು. ಹಳ್ಳ ಹಾರಿಸಿದ್ರೂ ಹಾಲು ತುಳುಕ್ತಿರ್ಲಿಲ್ಲ," ಅಂದರು. ಆಮೇಲೆ ಒಳಗಿಂದ ಹಳೇ ಸೈಕಲ್ ಟ್ಯೂಬ್ ತರಿಸಿ, ಬೆರಳಗಲ ಸೀಳಿ, ಬಾಟಲಿಯ ಕತ್ತಿಗೆ ಒಂದು ಸುತ್ತು, ಬುಟ್ಟಿಗೆ ಎರಡು ಸುತ್ತು ಎಳೆದು ಸಿಕ್ಕಿಸಿದರು. ಅಳಿಯ ಮುಂದಿನ ಹಂಪಿನ ಮೇಲೆ ಬೇಕಂತಲೇ ಹಾರಿಸಿಕೊಂಡು ಹೋಗಿ ಬಂದ. ಬಾಟಲಿ ಕದಲಲಿಲ್ಲ. ಹವಾಯಿಗೆ ಹೋಗುವವರೂ ಹೀಗೇ ರಬ್ಬರ್ ಸುತ್ತುತ್ತಾರೆ ಎಂದು ಆಮೇಲೆ ಅವನೇ ಒಪ್ಪಿಕೊಂಡ. ಹಾಲಿನ ಯಜಮಾನರು ಆ ದಿನ ಎರಡು ಟೀ ಕುಡಿದರು, ಎರಡೂ ಅವನ ಲೆಕ್ಕದಲ್ಲಿ.

ಊಟದ್ದು ಇದಕ್ಕಿಂತ ದೊಡ್ಡ ರಾಮಾಯಣ. ಇಷ್ಟು ಹೊತ್ತು ತುಳಿಯುವವರು ಗಂಟೆಗೆ 60ರಿಂದ 90 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಇಳಿಸಬೇಕಂತೆ. ಆರು ಗಂಟೆ ತುಳಿದರೆ ಅರ್ಧ ಕೆಜಿ ಸಕ್ಕರೆಯ ಲೆಕ್ಕ. ಅದಕ್ಕೆ ಜೆಲ್ ಅಂತ ಒಂದು ಪದಾರ್ಥ. ಹಲ್ಲಿನಿಂದ ಕಿತ್ತು ಹೀರುವ ಪುಟ್ಟ ಪ್ಯಾಕೆಟ್ಟು. ಒಂದೊಂದರಲ್ಲಿ ಇಪ್ಪತ್ತೋ ಇಪ್ಪತ್ತೈದೋ ಗ್ರಾಂ. ಅಳಿಯ ಅವುಗಳನ್ನು ಮೇಲಿನ ಕಂಬಿಗೆ ಟೇಪ್ ಹಾಕಿ ಸಾಲಾಗಿ ಅಂಟಿಸಿದ್ದ. ಬೀಡಾ ಅಂಗಡಿ ಮುಂದೆ ಇಳಿಬಿಟ್ಟ ಗುಟ್ಕಾ ಸರದ ಹಾಗೆ ಗಾಳಿಗೆ ಪಟಪಟ ಅನ್ನುತ್ತಿದ್ದವು. ರುಚಿ ನೋಡಿದೆ. ಜ್ವರದ ಸಿರಪ್ಪಿಗೆ ಗಂಜಿ ಹಾಕಿ ಕುದಿಸಿದ್ದಾರೆ.

"ಚೇಳೂರಿನ ಸಿದ್ದು ಹಲಸಿನ ತೊಳೆ ಕೊಡ್ರಪ್ಪ ಹುಡುಗನಿಗೆ," ಅಂತ ಬೆಂಚಿನಿಂದ ಒಂದು ದನಿ. ಗುಬ್ಬಿ ತಾಲ್ಲೂಕಿನ ಆ ಕೆಂಪು ತೊಳೆಯ ಹಲಸಿಗೆ ಹಿರೇಹಳ್ಳಿಯ ತೋಟಗಾರಿಕಾ ವಿಜ್ಞಾನಿಗಳೇ ಮಾರುಹೋಗಿ ದೇಶಕ್ಕೆಲ್ಲ ಹೆಸರು ಮಾಡಿಸಿದರು. ಸಿಹಿ ಏನೋ ಧಾರಾಳ. ಆದರೆ ನಾರೂ ಇದೆ, ಅಂಟೂ ಇದೆ, ಡಬ್ಬಿಯಿಂದ ಹ್ಯಾಂಡಲ್ಲಿಗೆ ಹೋದ ಕೈ ವಾಪಸ್ ಬರಬೇಕಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಾದರೆ ಆಗಬಹುದು, ಬೆಣ್ಣೆ ಬಿಟ್ಟರೆ. ಜಿಡ್ಡು, ನಾರು ಹೊಟ್ಟೆಯಲ್ಲಿ ನಿಧಾನ, ಸವಾರನಿಗೆ ಅವಸರ. ಏಲಕ್ಕಿ ಬಾಳೆ, ಖರ್ಜೂರ, ಬೆಲ್ಲದ ಅಚ್ಚು ಎಲ್ಲರೂ ಒಪ್ಪಿದ ಪಟ್ಟಿ. ಕುಡಿಯುವುದಕ್ಕೆ ರಾಮನವಮಿಯ ಪಾನಕ, ಒಂದು ಚಿಟಿಕೆ ಹೆಚ್ಚು ಉಪ್ಪು ಹಾಕಿ. ಎಳನೀರು ಅಂದರೆ ನಮ್ಮ ಜಿಲ್ಲೆಗೆ ಜೀವ, ಆದರೂ ಹೇಳಿಬಿಡುತ್ತೇನೆ: ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರಂತೂ ರಕ್ತದ ಉಪ್ಪು ತೆಳುವಾಗಿ ತಲೆ ಸುತ್ತಿ ಬೀಳಬಹುದು, ಜೀವಕ್ಕೇ ಕುತ್ತಾಗಬಹುದು.

ಡಬ್ಬಿಯ ನಿಜವಾದ ಪರೀಕ್ಷೆ ನಡೆದದ್ದು ದುರ್ಗದ ಮೇಲೆ. ನಾನು ನನ್ನ ಟಿವಿಎಸ್‌ನಲ್ಲಿ ಹಿಂದೆ ಹೋಗಿದ್ದೆ. ಅಳಿಯ ಸೈಕಲ್ಲನ್ನು ಗೋಡೆಗೆ ಒರಗಿಸಿ ಆ ಕಡೆ ತಿರುಗಿದ್ದಾನೆ, ಒಂದು ಗಡವ ಇಳಿದು ಬಂದು ಸೀದಾ ಹ್ಯಾಂಡಲ್ ಮೇಲೆ ಕೂತಿತು. ಡಬ್ಬಿಯ ಜಿಪ್ಪನ್ನು ಉಗುರಲ್ಲಿ ಹಿಡಿದು ಒಂದೇ ಎಳೆತಕ್ಕೆ ತೆಗೆಯಿತು. ತುಳಿಯುತ್ತಾ ಒಂದು ಕೈಯಲ್ಲಿ ಅದನ್ನು ತೆಗೆಯಲು ಅಳಿಯ ವಾರಗಟ್ಟಲೆ ಒದ್ದಾಡಿದ್ದ. ಬಾಳೆಹಣ್ಣು ಸುಲಿದು ತಿಂದಿತು. ಖರ್ಜೂರ ಕೆನ್ನೆಚೀಲಕ್ಕೆ ತುಂಬಿಕೊಂಡಿತು. ಜೆಲ್ಲಿನ ಪ್ಯಾಕೆಟ್ಟನ್ನು ಕಚ್ಚಿ, ನೆಕ್ಕಿ, ಒಂದು ಗಳಿಗೆ ಅಳಿಯನ ಮುಖವನ್ನೇ ನೋಡಿ, ಪ್ಯಾಕೆಟ್ಟನ್ನು ಅವನ ಕಡೆಗೇ ಬಿಸಾಡಿ ಹೋಯಿತು.

ಇನ್ನು ಸೀಟಿನಡಿಯ ಚೀಲ. ಅದರೊಳಗೆ ಒಂದು ಟ್ಯೂಬ್, ಟಯರ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿಗಳು, ಮಡಚುವ ಪಾನಾ, ಹೆಬ್ಬೆರಳು ಗಾತ್ರದ ಗ್ಯಾಸ್ ಸಿಲಿಂಡರ್. ಆ 16 ಗ್ರಾಂ ಗ್ಯಾಸು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಟಯರನ್ನು ಕಲ್ಲಿನಂತೆ ಮಾಡುತ್ತದೆ. ತಪ್ಪಾಗಿ ಬಿಟ್ಟರೆ ಅಷ್ಟೇ ಬೇಗ ಆಕಾಶಕ್ಕೂ ಹೋಗುತ್ತದೆ. 2008ರ ಹವಾಯಿ ಸ್ಪರ್ಧೆಯಲ್ಲಿ ಹಿಂದಿನ ವರ್ಷದ ಚಾಂಪಿಯನ್ ಕ್ರಿಸ್ಸಿ ವೆಲಿಂಗ್ಟನ್‌ಗೆ ಆಗಿದ್ದು ಅದೇ. ಟಯರ್ ತುಂಬಲಿಲ್ಲ, ಇದ್ದ ಗ್ಯಾಸೆಲ್ಲ ಖಾಲಿ. ರಸ್ತೆ ಬದಿ ನಿಂತವಳಿಗೆ ಕೊನೆಗೆ ಗ್ಯಾಸ್ ಕೊಟ್ಟವಳು ಎದುರಾಳಿಯಾದ ಆಸ್ಟ್ರೇಲಿಯಾದ ರೆಬೆಕಾ ಕೀಟ್. ವೆಲಿಂಗ್ಟನ್ ಎಲ್ಲರನ್ನೂ ಹಿಂದೆ ಹಾಕಿ ಗೆದ್ದಳು, ಕೊಟ್ಟವಳನ್ನೂ ಸೇರಿಸಿ. ಅಲ್ಲೇ 2005ರಲ್ಲಿ ನಾರ್ಮನ್ ಸ್ಟಾಡ್ಲರ್ ಎಂಬ ಚಾಂಪಿಯನ್ನಿಗೆ, ಚಕ್ರಕ್ಕೆ ಟಯರ್ ಅಂಟಿಸಿದ ಗೋಂದು ಹೆಚ್ಚಾಗಿ, ಪಂಕ್ಚರ್ ಆದಾಗ ಟಯರೇ ಬಿಚ್ಚಲು ಬರಲಿಲ್ಲ. ಸೈಕಲ್ ಎತ್ತಿ ಬಿಸಾಡಿದ. ಇವರೆಲ್ಲರ ಮುತ್ತಜ್ಜ ಎಜೀನ್ ಕ್ರಿಸ್ತೋಫ್. 1913ರ ಟೂರ್ ದ ಫ್ರಾನ್ಸ್‌ನಲ್ಲಿ ಮುಂದಿನ ಫೋರ್ಕ್ ಮುರಿದಾಗ ಸೈಕಲ್ ಹೊತ್ತು ಬೆಟ್ಟ ಇಳಿದು, ಹಳ್ಳಿಯ ಕುಲುಮೆಯಲ್ಲಿ ತಾನೇ ಕಬ್ಬಿಣ ಕಾಯಿಸಿ ಬೆಸೆದ. ತಿದಿ ಒತ್ತಲು ಒಬ್ಬ ಹುಡುಗ ಕೈ ಕೊಟ್ಟನೆಂದು ಅದಕ್ಕೂ ದಂಡ ಹಾಕಿದರು, ಪುಣ್ಯಾತ್ಮರು.

ಅಳಿಯನ ಕುಲುಮೆ ತೆರೆದದ್ದು ದುರ್ಗದಹಳ್ಳಿ ರಸ್ತೆಯಲ್ಲಿ, ಒಂದು ಜಾಲಿ ಮುಳ್ಳಿನ ಕೃಪೆಯಿಂದ. ನೋಡುತ್ತಿದ್ದಂತೆ ಹಳೇ ಟ್ಯೂಬ್ ಬಿಚ್ಚಿ, ಹೊಸದು ಹಾಕಿ, ಗ್ಯಾಸ್ ಹೊಡೆದ. ನಾನು ಮೆಚ್ಚುವಷ್ಟರಲ್ಲಿ ಹೊಸದೂ ಸುಯ್ಯೆಂದಿತು. ಸೈಕಲ್ಲನ್ನು ಟಿವಿಎಸ್‌ಗೆ ಅಡ್ಡ ಹಾಕಿಕೊಂಡು ಊರಿನ ಪಂಕ್ಚರ್ ಅಂಗಡಿಗೆ ತಂದೆವು. ಅಂಗಡಿಯವನು ಒಂದು ಚೂರು ಹತ್ತಿ ತೆಗೆದು, ಟಯರಿನ ಒಳಮೈಗೆ ಮೆಲ್ಲಗೆ ಸವರುತ್ತಾ ಒಂದು ಸುತ್ತು ಬಂದ. ಒಂದು ಕಡೆ ಹತ್ತಿ ಎಳೆ ಸಿಕ್ಕಿಕೊಂಡು ನಿಂತಿತು. ಬೆರಳಿಗೂ ತಾಕದಂಥ ಮುಳ್ಳಿನ ಮೊನೆ. ಕಟಿಂಗ್ ಪ್ಲೇಯರ್‌ನಲ್ಲಿ ಚಿವುಟಿ ಎಳೆದು ಅಂಗೈ ಮೇಲಿಟ್ಟು ತೋರಿಸಿದ. ಅಳಿಯನ ಚೀಲದ ಹೊಳೆಯುವ ಸಾಮಾನನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, "ಸಾಮಾನೆಲ್ಲ ಫಸ್ಟ್ ಕ್ಲಾಸ್ ಸಾರ್. ಹತ್ತಿ ಒಂದು ಮಡಗಿಲ್ಲ," ಅಂದ.

ಅಂದಿನಿಂದ ಚೀಲಕ್ಕೆ ಹತ್ತಿ ಸೇರಿದೆ. ಹೊರದೇಶಕ್ಕೆ ಹೊರಡುವ ತಯಾರಿಯೂ ನಡೆದಿದೆ. ಗ್ಯಾಸ್ ಸಿಲಿಂಡರಿಗೆ ವಿಮಾನದವರು ತಕರಾರು ತೆಗೆಯುತ್ತಾರೆ, ಅಲ್ಲೇ ಹೋಗಿ ಕೊಳ್ಳಬೇಕು. ಇಷ್ಟು ದಿನ ಸುಮ್ಮನಿದ್ದ ನಮ್ಮಕ್ಕ ಮೊನ್ನೆ ಕೇಳಿದಳು: "ನೂರೆಂಬತ್ತು ಕಿಲೋಮೀಟ್ರಲ್ಲಿ ಒಂದು ಹೋಟ್ಲೂ ಸಿಗಲ್ವೇನೋ?" ಇಲ್ಲಮ್ಮ, ಆದರೆ ಪೂರ್ತಿ ಐರನ್‌ಮ್ಯಾನ್‌ನಲ್ಲಿ ಸಾಮಾನ್ಯವಾಗಿ ಅರ್ಧ ದಾರಿಗೆ ನಮ್ಮದೇ ಒಂದು ಚೀಲ ಕೊಡುತ್ತಾರೆ, ಮೊದಲೇ ತುಂಬಿಸಿ ಕೊಟ್ಟಿರಬೇಕು, ಏನು ಬೇಕಾದರೂ ಇಡಬಹುದು ಎಂದು ಅವನು ಬಾಯಿ ಬಿಟ್ಟ. ಅಷ್ಟೇ ಸಾಕಾಯಿತು. ಅಕ್ಕ ಅಡುಗೆಮನೆಗೆ ಹೋಗಿ ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ನೆನೆಹಾಕಿದಳು, ಅನ್ನ ಅಲ್ಲೇ ಮಾಡಿಕೊಳ್ಳಲಿ ಅಂತ.