ವಿಮಾನದ ಮೇಷ್ಟ್ರು

ಅತಿಥಿಯಾಗಿ ಹೋದ ಮನೆಯಲ್ಲಿ ಕಾಲು ತೊಳೆದು ಒಳಗೆ ಬರುವಷ್ಟರಲ್ಲಿಯೇ ಯಜಮಾನಿಕೆಯನ್ನು ವಹಿಸಿಕೊಂಡು, ಬಂದವರನ್ನೆಲ್ಲ ತಾವೇ ಉಪಚರಿಸತೊಡಗುವ ಮಹನೀಯರು ನಮ್ಮ ನಾಡಿನ ಊರೂರಲ್ಲಿಯೂ ಉಂಟಾದರೂ, ಆ ಯಜಮಾನಿಕೆಯನ್ನು ಭಾರತೀಯ ವಾಯುಸೇನೆಯ ಮೇಲೆ ನಡೆಸಿದ ಕೀರ್ತಿಯು, ನಾನು ಬಲ್ಲಮಟ್ಟಿಗೆ, ನಮ್ಮ ವಿಮಾನದ ಮೇಷ್ಟ್ರೊಬ್ಬರದೇ. ಕಡೂರಿನಲ್ಲಿ ಹುಟ್ಟಿ, ಅಜ್ಜಂಪುರದ ಹೆಣ್ಣನ್ನು ಕೈಹಿಡಿದು, ತರೀಕೆರೆಯಲ್ಲಿ ಲೆಕ್ಕದ ಪಾಠ ಹೇಳಿ ನಿವೃತ್ತರಾದ ಈ ಸಜ್ಜನರಿಗೆ ವಿಮಾನದ ಹುಚ್ಚು ಎಲ್ಲಿಂದ ಅಂಟಿತೆಂಬುದು ಮನೆಯವರಿಗೂ ಬಗೆಹರಿಯದ ಸಂಗತಿ. ಅದರಲ್ಲಿಯೂ ಹೊಸ ವಿಮಾನಗಳನ್ನು ಇವರು ಲೆಕ್ಕಕ್ಕೇ ಹಿಡಿಯರು. ಪಂಖ ತಿರುಗಬೇಕು, ಎಂಜಿನ್ನು ಕೆಮ್ಮಬೇಕು, ಹೊಗೆಯುಗುಳಬೇಕು, ಆಗಲೇ ಅದು ವಿಮಾನ.

2019ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹಳೆಯ ಶಿಷ್ಯನೊಬ್ಬನು ಪಾಸು ಕಳುಹಿಸಿ, ಈ ಸಲ ಡಕೋಟಾ ಬರುತ್ತದೆಂದು ತಿಳಿಸಿದಂದಿನಿಂದ ಮೇಷ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ಡಕೋಟಾ ನೋಡೋಕೆ ಬೆಂಗಳೂರಿಗ್ಯಾಕ್ರೀ? ನಮ್ಮ ಬಸ್‌ಸ್ಟ್ಯಾಂಡಿಗೆ ಹೋದ್ರೆ ಸಾಲ್ದೇ?” ಎಂದ ಧರ್ಮಪತ್ನಿಯ ವ್ಯಂಗ್ಯವನ್ನು ಕೇಳಿಸಿಕೊಳ್ಳದೆ, ಭಾವಮೈದುನನನ್ನು ಜೊತೆ ಮಾಡಿಕೊಂಡು, ದಾರ ಕಟ್ಟಿದ ದುರ್ಬೀನು, ಟಿಪ್ಪಣಿಯ ಪುಸ್ತಕ, ಕೋಡುಬಳೆಯ ಡಬ್ಬಿ ಸಮೇತ ಅವರು ರೈಲು ಹತ್ತಿದರು.

ಪ್ರದರ್ಶನದಲ್ಲಿ ರಫೇಲ್ ವಿಮಾನವು ಗಗನವನ್ನು ಸೀಳುತ್ತ ಮೇಲೇರಿ, ನೆರೆದ ಜನಸ್ತೋಮವು ಕಿವಿ ಮುಚ್ಚಿಕೊಂಡು ಬಾಯಿ ತೆರೆದಿದ್ದ ಮಹತ್ತರ ಮುಹೂರ್ತದಲ್ಲಿ, ಮೇಷ್ಟ್ರು ಆಕಾಶಕ್ಕೆ ಬೆನ್ನುಹಾಕಿ ಡಬ್ಬಿಯ ಮುಚ್ಚಳ ತೆಗೆದು ಕೋಡುಬಳೆ ಹಂಚಿದರು. ಆದರೆ ದೂರದಲ್ಲಿ ಗುಡುಗುಡು ಸದ್ದು ಕೇಳಿದ್ದೇ ತಡ, ಡಬ್ಬಿ ಭಾವಮೈದುನನ ಕೈಗೆ, ದುರ್ಬೀನು ಕಣ್ಣಿಗೆ! “ಪರಶುರಾಮ! ವಿಪಿ 905!” ಎಂದು ಡಕೋಟಾದ ಹೆಸರು, ನಂಬರುಗಳನ್ನು ಕೂಗಿ, ಸುತ್ತಲಿನವರು ಕೇಳದಿದ್ದರೂ ಅದರ ವಂಶಾವಳಿಯನ್ನು ಆರಂಭಿಸಿದರು: 1947ರ ಅಕ್ಟೋಬರ್ 27ರಂದು ಸಿಖ್ ಪಡೆಯನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳೇ, ಇದು ಇಂಗ್ಲೆಂಡಿನಲ್ಲಿ ದುರಸ್ತಿಗೊಂಡು 2018ರಲ್ಲಿ ಸ್ವಂತ ರೆಕ್ಕೆಯ ಮೇಲೆಯೇ ಭಾರತಕ್ಕೆ ಬಂದದ್ದು, ಎಂಜಿನ್ನೊಂದಕ್ಕೆ ಸಿಲಿಂಡರು 14. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುಹೋಗಲು ನೋಡಿದಾಗ, “ಕೂತ್ಕೋ, ಇನ್ನೂ ಮುಗಿದಿಲ್ಲ” ಎಂದು ಗದರಿದ ಧ್ವನಿಯಲ್ಲಿ ಮೂವತ್ತು ವರ್ಷದ ತರಗತಿಯಿತ್ತು.

ವಿವರಣೆಯ ಭರದಲ್ಲಿ ಹಗ್ಗವನ್ನು ದಾಟಿ ನಿಂತಿದ್ದ ಅವರ ಬಳಿಗೆ ಬಂದ ತರುಣ ಯೋಧನು, “ಸಾರ್, ತಾವು ಏರ್‌ಫೋರ್ಸಿನಲ್ಲಿದ್ದವರೆ?” ಎಂದು ವಿನಯದಿಂದ ಕೇಳಿದನು.

“ಇಲ್ಲಪ್ಪ, ಪಾಲುದಾರ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಬೆಂಗಳೂರಲ್ಲಿ ವಿಮಾನದ ಕಾರ್ಖಾನೆ ಹಾಕಿದಾಗ ನಮ್ಮ ಮೈಸೂರು ಸಂಸ್ಥಾನವೂ ಹಣ ಹೂಡಿತ್ತು. ಯುದ್ಧಕಾಲದಲ್ಲಿ ಅಮೆರಿಕದವರ ವಿಮಾನಗಳು ರಿಪೇರಿಗೆ ಬರ್ತಿದ್ದದ್ದೂ ಅಲ್ಲಿಗೇ. ಆಗ ನಮ್ಮದು ಕಡೂರು ಜಿಲ್ಲೆ. ಕಂದಾಯ ಕಟ್ಟಿದೋರು ನಮ್ಮಜ್ಜ. ಅಂದಮೇಲೆ?”

ಈ ತರ್ಕಕ್ಕೆ ವಾಯುಸೇನೆಯ ಶಿಕ್ಷಣದಲ್ಲಿ ಉತ್ತರವಿಲ್ಲದಿದ್ದುದರಿಂದ, ಯೋಧನು ಪಾಲುದಾರರನ್ನು ತೋಳು ಹಿಡಿದು ಹಗ್ಗದ ಈಚೆಗೆ ತಂದುಬಿಟ್ಟು, ಒಂದು ಕೋಡುಬಳೆಯನ್ನು ಸ್ವೀಕರಿಸಿ ಹೋದನು.

ಮರಳುವ ರೈಲಿನಲ್ಲಿ ಅರಸೀಕೆರೆ ಕಳೆದ ಮೇಲೆ, ದಿನವೆಲ್ಲ ಮೌನವಾಗಿದ್ದ ಭಾವಮೈದುನನು ಬಾಯಿಬಿಟ್ಟನು. ಅಜ್ಜಂಪುರದ ಅಮೃತಮಹಲ್ ತಳಿಕೇಂದ್ರದ ಮಗ್ಗುಲಲ್ಲಿಯೇ ಬೆಳೆದವನಾತನು. “ಭಾವ, ನಿಮ್ಮ ಡಕೋಟಾ ನಮ್ಮ ಅಮೃತಮಹಲ್ ಎತ್ತಿನ ಜಾತೀದೇ. ಇವೂ ಹೈದರ್, ಟಿಪ್ಪು ಕಾಲದಲ್ಲಿ ದಂಡಿನ ಸಾಮಾನು ಹೊತ್ತವೇ. ಅದಿರ್ಲಿ, ಆ ಎಂಜಿನ್ನಿಗೆ ಎಷ್ಟು ಎತ್ತಿನ ಬಲ?”

ಅಪಚಾರವೆಂದು ಸಿಡಿಯಬೇಕಾಗಿದ್ದ ಮೇಷ್ಟ್ರು, ಪ್ರಶ್ನೆಯು ಲೆಕ್ಕದ್ದಾದುದರಿಂದ ಸಿಡಿಯಲಾರದೆ, ಪಾಸಿನ ಬೆನ್ನಿನ ಮೇಲೆ 1200 ಅಶ್ವಶಕ್ತಿಯೆಂದು ಬರೆದು, ಅದರ ಕೆಳಗೆ ಗೆರೆಯೆಳೆದರು. ಕಡೂರು ಬಂತು, ಹೋಯಿತು. ಬೀರೂರಿನಲ್ಲಿ ಅಜ್ಜಂಪುರದ ಗಾಡಿಗಾಗಿ ಇಳಿಯುತ್ತಿದ್ದ ಭಾವಮೈದುನನಿಗೆ ಕಿಟಕಿಯಿಂದ ತಲೆ ಹೊರಹಾಕಿ ಅವರು ಕೂಗಿದ್ದು ಇಷ್ಟೇ: “ಲೋ, ಎತ್ತು ಒಂಟಿಯೋ, ಜೋಡಿಯೋ?”